ಮುಂಬಯಿ ಹಾಲ್‌ನಲ್ಲಿ ಮದುವೆ: ಅಲಂಕಾರ ನಿಮ್ಮ ಕೈಯದ್ದೇ

ಮಾಟುಂಗಾ, ದಾದರ್ ಕಡೆ ಸಣ್ಣ ಹಾಲ್ ಹಿಡಿದಿದ್ದರೆ ಡೆಕೊರೇಟರ್ ಬೇಡ. ಮೊದಲು ಹಾಲ್‌ನವರನ್ನು ಎರಡು ವಿಷಯ ಕೇಳಿ: ಮೊಳೆ ಹೊಡೆಯಲು ಬಿಡುತ್ತಾರಾ, ಹಿಂದಿನ ರಾತ್ರಿಯೇ ಬೀಗ ತೆಗೆಯುತ್ತಾರಾ. ಮೊಳೆಗೆ ಬಿಡದಿದ್ದರೆ ಕಂಬದಿಂದ ಕಂಬಕ್ಕೆ ತೆಂಗಿನ ಹುರಿ ಬಿಗಿದು ಎಲ್ಲವನ್ನೂ ಅದಕ್ಕೇ ತೂಗುಹಾಕಿ.

ಚೆಂಡುಹೂವನ್ನು ದಾದರ್ ಸ್ಟೇಷನ್ ಪಶ್ಚಿಮದ ಹೂವಿನ ಮಾರ್ಕೆಟ್‌ನಲ್ಲಿ ಬೆಳಗಿನ ಜಾವ ಕೊಳ್ಳಿ. ತೊಟ್ಟಿನ ಬುಡ ಒತ್ತಿ ನೋಡಿ, ಮೆತ್ತಗಿದ್ದರೆ ಹಳೆಯದು. ನೀರು ಚಿಮುಕಿಸಿದ ಹೂವು ತೂಕ ಜಾಸ್ತಿ, ಬಾಳಿಕೆ ಕಡಿಮೆ. ಮನೆಗೆ ತಂದ ಕೂಡಲೇ ಚೀಲದಿಂದ ಸುರಿದು, ಹಳೇ ಸೀರೆಯ ಮೇಲೆ ಫ್ಯಾನ್ ಕೆಳಗೆ ಹರಡಿ. ಇಲ್ಲಿನ ಸೆಕೆಗೆ ಚೀಲದಲ್ಲೇ ಬೆವೆತು ಕೊಳೆಯಲು ಶುರುವಾಗುತ್ತದೆ.

ನಾಲ್ಕಡಿ ಬಾಗಿಲಿನ ತೋರಣಕ್ಕೆ ಎರಡಿಂಚಿಗೊಂದರಂತೆ 25 ಮಾವಿನೆಲೆ. ಹರಿದುಹೋಗುವವಕ್ಕೆ ಐದಾರು ಹೆಚ್ಚಿಗೆ. ತೊಟ್ಟಿನ ಕಡೆಯ ತುದಿಯನ್ನು ಹುರಿಯ ಮೇಲೆ ಒಂದಿಂಚು ಮಡಚಿ, ಎರಡೂ ಪದರಕ್ಕೆ ಪೊರಕೆಕಡ್ಡಿಯ ತುಂಡು ಚುಚ್ಚಿ. ಸ್ಟೇಪ್ಲರ್ ಪಿನ್ನು ಹಾಕಿದರೆ ಎಲೆ ಒಣಗುತ್ತಾ ಸೀಳುತ್ತದೆ.

ಬಾಳೆಕಂಬವನ್ನು ಒದ್ದೆ ಮರಳಿನ ಬಕೆಟ್‌ನಲ್ಲಿ ನಿಲ್ಲಿಸಿ, ಸೊಂಟದ ಮಟ್ಟಕ್ಕೊಂದು, ತಲೆಯ ಮಟ್ಟಕ್ಕೊಂದು ಕಟ್ಟು ಹಾಕಿ. ಒಂದೇ ಕಟ್ಟಾದರೆ ಎಲೆಗಳ ಭಾರಕ್ಕೆ ವಾಲುತ್ತದೆ.

ವಧೂವರರ ಹೆಸರಿಗೆ ಥರ್ಮಾಕೋಲ್ ಅಕ್ಷರ ಬೇಡವೇ ಬೇಡ. ಮಹಾರಾಷ್ಟ್ರದಲ್ಲಿ ಅಲಂಕಾರದ ಥರ್ಮಾಕೋಲಿಗೆ 2018ರಿಂದ ನಿಷೇಧವಿದೆ. ಬಿದಿರಿನ ಮೊರಕ್ಕೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಸುಣ್ಣದಲ್ಲಿ ಬರೆಯಿರಿ. ನೋಡಲೂ ಅದೇ ಚೆಂದ.