ಕಂಪನಿಗಳು ಆಳುವ ನಾಳೆಯಲ್ಲಿ ಒಂದು ಸಂಜೆ: ಡಿಸ್ಟೋಪಿಯಾ ರೋಲ್‌ಪ್ಲೇ ಆಟ ಶುರು ಮಾಡುವುದು ಹೇಗೆ?

ಟೇಬಲ್‌ಟಾಪ್ ರೋಲ್‌ಪ್ಲೇ ಆಟಕ್ಕೆ ಸ್ಕ್ರೀನ್ ಬೇಡ. ಬೋರ್ಡ್ ಕೂಡ ಬೇಕೇ ಬೇಕು ಅಂತಿಲ್ಲ. ಮೂರರಿಂದ ಐದು ಜನ ಒಂದೊಂದು ಪಾತ್ರವಾಗಿ ಆಡುತ್ತಾರೆ. ಇನ್ನೊಬ್ಬರು ಗೇಮ್ ಮಾಸ್ಟರ್, ಅಂದರೆ ಜಿಎಂ. ಸುತ್ತಲಿನ ಲೋಕ ಹೇಗಿದೆ ಅಂತ ಹೇಳುವುದು, ಎದುರಾಗುವ ಬೇರೆಲ್ಲ ಪಾತ್ರಗಳಾಗಿ ಮಾತಾಡುವುದು ಜಿಎಂ ಕೆಲಸ. ಆಟಗಾರ ತನ್ನ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತಾನೆ. ಅದು ಆಗುತ್ತದೋ ಇಲ್ಲವೋ ಎನ್ನುವುದು ಅನುಮಾನವಾದಾಗ ದಾಳ ಉರುಳುತ್ತದೆ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದ ಕಾಲದಿಂದಲೂ ಈ ಆಟಗಳು ನಡೆಯುವುದು ಹೀಗೆಯೇ.

ಆ ಆಟದಲ್ಲಿ ಕತ್ತಿ, ಮಂತ್ರ, ರಾಕ್ಷಸರು ಇರುತ್ತಾರೆ. ರಾಕ್ಷಸನನ್ನು ಕೊಂದರೆ ಊರು ಉಳಿಯಿತು. ಡಿಸ್ಟೋಪಿಯಾ, ಅಂದರೆ ಹದಗೆಟ್ಟ ಭವಿಷ್ಯದ ಆಟಗಳಲ್ಲಿ ಹಾಗಲ್ಲ. ಅಲ್ಲಿ ಎದುರಾಳಿ ಒಂದು ವ್ಯವಸ್ಥೆ. ಒಬ್ಬ ಅಧಿಕಾರಿಯನ್ನು ತೆಗೆದರೆ ಮರುದಿನ ಅದೇ ಕುರ್ಚಿಗೆ ಇನ್ನೊಬ್ಬ ಬರುತ್ತಾನೆ. ಹೊಸಬರು ಈ ಆಟ ಅಂದರೆ ಬಂದೂಕು, ನಿಯಾನ್ ದೀಪ, ಲೋಹದ ಕೈ ಅಂದುಕೊಳ್ಳುತ್ತಾರೆ. ಅವೆಲ್ಲ ಇರಲಿ, ಚೆನ್ನಾಗಿಯೇ ಇರುತ್ತವೆ. ಆದರೆ ಆಟಕ್ಕೆ ಜೀವ ಬರುವುದು ಪಾತ್ರಗಳಿಗೆ ಕಳೆದುಕೊಳ್ಳಲು ಏನಾದರೂ ಇದ್ದಾಗ ಮಾತ್ರ. ತಯಾರಿಯ ಪ್ರತಿ ಹಂತದಲ್ಲೂ ಇದನ್ನೇ ನೆನಪಿಟ್ಟುಕೊಳ್ಳಿ.

ಮೊದಲು ನಿಯಮ ಆರಿಸಿ

ಇಂಥ ಆಟಗಳಲ್ಲಿ ಹೆಚ್ಚು ಹೆಸರು ಮಾಡಿದ ಸರಣಿ ಮೈಕ್ ಪಾಂಡ್‌ಸ್ಮಿತ್ ಅವರ 'ಸೈಬರ್‌ಪಂಕ್'. ಮೊದಲ ಆವೃತ್ತಿ ಬಂದದ್ದು 1988ರಲ್ಲಿ. ಈಗ ಆಡುವುದು 2020ರಲ್ಲಿ ಬಂದ 'ಸೈಬರ್‌ಪಂಕ್ ರೆಡ್'. ಅದರ ಕಥೆ ನಡೆಯುವುದು 2045ರಲ್ಲಿ, ನೈಟ್ ಸಿಟಿ ಎಂಬ ಕಾಲ್ಪನಿಕ ನಗರದಲ್ಲಿ. 1989ರ 'ಶಾಡೋರನ್' ಇದೇ ಬಗೆಯ ಲೋಕಕ್ಕೆ ಮಾಟಮಂತ್ರವನ್ನೂ ಸೇರಿಸಿತು. 1984ರ 'ಪ್ಯಾರನೋಯಾ' ಬೇರೆಯದೇ ದಾರಿ. ಅಲ್ಲಿ ನೆಲದಡಿಯ ನಗರವೊಂದನ್ನು ಕಂಪ್ಯೂಟರ್ ಆಳುತ್ತದೆ, ಆಟಗಾರರು ಒಬ್ಬರ ಮೇಲೊಬ್ಬರು ದೂರು ಹೇಳುತ್ತಾರೆ, ಸತ್ತರೆ ತದ್ರೂಪಿ ಬರುತ್ತದೆ. ನಗು ಬೇಕಿದ್ದರೆ ಅದನ್ನೇ ತೆಗೆದುಕೊಳ್ಳಿ.

ಮೊದಲ ಸಲಕ್ಕೆ ನನ್ನ ಆಯ್ಕೆ 'ಸೈಬರ್‌ಪಂಕ್ ರೆಡ್'. ಪ್ರಕಾಶಕರು 'ಈಸಿ ಮೋಡ್' ಎಂಬ ಚಿಕ್ಕ ಆವೃತ್ತಿಯನ್ನು ಉಚಿತವಾಗಿ ಡೌನ್‌ಲೋಡ್‌ಗೆ ಇಟ್ಟಿದ್ದಾರೆ. ಅದರಲ್ಲಿ ಸಿದ್ಧ ಪಾತ್ರಗಳೂ ಇವೆ. ದಪ್ಪ ಪುಸ್ತಕ ಓದಿ ಮುಗಿಸಿದ ಮೇಲೆ ಆಡೋಣ ಅಂತ ಕೂತರೆ ಆಟ ಶುರುವೇ ಆಗುವುದಿಲ್ಲ. ಆರು ಮುಖದ ದಾಳ ಕೆಲವು, ಹತ್ತು ಮುಖದ ದಾಳ ಒಬ್ಬರಿಗೊಂದು, ಪೆನ್ಸಿಲ್, ಕಾಗದ, ಮೂರ್ನಾಲ್ಕು ಗಂಟೆ ಬಿಡುವು. ಇಷ್ಟು ಸಾಕು.

ದಾಳದ ಲೆಕ್ಕ ಸುಲಭ. ಪಾತ್ರದ ಗುಣಕ್ಕೊಂದು ಅಂಕ, ಕಲಿತ ಕೌಶಲಕ್ಕೊಂದು ಅಂಕ. ಎರಡನ್ನೂ ಕೂಡಿಸಿ, ಹತ್ತು ಮುಖದ ದಾಳದಲ್ಲಿ ಬಿದ್ದ ಸಂಖ್ಯೆಯನ್ನೂ ಸೇರಿಸಿ. ಒಟ್ಟು ಮೊತ್ತ ಜಿಎಂ ಇಟ್ಟ ಗುರಿಯನ್ನು ಮೀರಬೇಕು. ದಿನನಿತ್ಯದ ಕೆಲಸಕ್ಕೆ ಗುರಿ 13, ಕಷ್ಟದ್ದಕ್ಕೆ 15, ಪಳಗಿದವರ ಕೆಲಸಕ್ಕೆ 17. ದಾಳದಲ್ಲಿ 10 ಬಿದ್ದರೆ ಇನ್ನೊಮ್ಮೆ ಉರುಳಿಸಿ ಅದನ್ನೂ ಕೂಡಿಸಬಹುದು. 1 ಬಿದ್ದರೆ ಇನ್ನೊಮ್ಮೆ ಉರುಳಿಸಿ ಕಳೆಯಬೇಕು.

ಆಡುವ ಮುಂಚೆ ಮಾತಾಡಿಕೊಳ್ಳಿ

ಈ ಹಂತವನ್ನು ಯಾರೂ ಬಿಡಬಾರದು. ಹಸಿವು, ದಬ್ಬಾಳಿಕೆ, ಕಣ್ಗಾವಲು, ಹಿಂಸೆ ಇವೇ ಈ ಆಟದ ವಸ್ತು. ಯಾರ ಬದುಕಿನಲ್ಲಿ ಏನು ನಡೆದಿದೆಯೋ ನಮಗೆ ಗೊತ್ತಿರುವುದಿಲ್ಲ, ಅಲ್ವಾ? ಅದಕ್ಕೆ ಎರಡು ಪಟ್ಟಿ ಮಾಡಿ. ಆಟದಲ್ಲಿ ಬರಲೇಬಾರದ ಸಂಗತಿಗಳು ಒಂದರಲ್ಲಿ. ನಡೆದರೂ ವಿವರವಾಗಿ ಹೇಳದೆ ಮುಂದಕ್ಕೆ ಹೋಗಬೇಕಾದವು ಇನ್ನೊಂದರಲ್ಲಿ. ಯಾರೂ ಕಾರಣ ಹೇಳಬೇಕಿಲ್ಲ.

ಮೇಜಿನ ಮಧ್ಯೆ ಒಂದು ಎಕ್ಸ್ ಕಾರ್ಡ್ ಇಡಿ. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ಸರಳ ಉಪಾಯ ಇದು. ಒಂದು ಚೀಟಿಯ ಮೇಲೆ ದೊಡ್ಡದಾಗಿ ಎಕ್ಸ್ ಅಂತ ಬರೆದರಾಯಿತು. ಯಾರಾದರೂ ಅದನ್ನು ಮುಟ್ಟಿದರೆ ಆಗ ನಡೆಯುತ್ತಿದ್ದುದನ್ನು ಅಲ್ಲಿಗೇ ಬಿಟ್ಟು ಕಥೆಯನ್ನು ಬೇರೆ ಕಡೆ ತಿರುಗಿಸಬೇಕು. ಪ್ರಶ್ನೆ ಇಲ್ಲ, ವಾದ ಇಲ್ಲ. ಇದರಿಂದ ಆಟ ಸಪ್ಪೆಯಾಗುತ್ತದೆ ಎನ್ನುವ ಮಾತು ನಿಜವಲ್ಲ. ಬೇಕಾದಾಗ ನಿಲ್ಲಿಸಬಹುದು ಅಂತ ಗೊತ್ತಿದ್ದರೆ ಜನ ಕತ್ತಲೆಯ ಕಥೆಗೆ ಧೈರ್ಯವಾಗಿ ಕಾಲಿಡುತ್ತಾರೆ.

ಇಡೀ ಲೋಕ ಬೇಡ, ಒಂದು ಕೊರತೆ ಸಾಕು

ಜಿಎಂ ಆದವರಿಗೆ ಬರುವ ದೊಡ್ಡ ಆಸೆ ಅಂದರೆ ನೂರು ವರ್ಷದ ಇತಿಹಾಸ ಬರೆಯುವುದು. ಬೇಡ. ಯಾವ ಯುದ್ಧ ಯಾವಾಗ ನಡೆಯಿತು ಅಂತ ಆಟಗಾರರು ಕೇಳುವುದಿಲ್ಲ. ಜನರಿಂದ ಏನನ್ನು ಕಿತ್ತುಕೊಳ್ಳಲಾಗಿದೆ? ಈ ಒಂದು ಪ್ರಶ್ನೆಗೆ ಉತ್ತರ ಹುಡುಕಿ. ನೀರು, ನಿದ್ದೆ, ಹೆಸರು, ನೆನಪು, ಮಾತು ಯಾವುದಾದರೂ ಆಗಬಹುದು.

ಒಂದು ಉದಾಹರಣೆ ಹಿಡಿದು ಹೋಗೋಣ. ನಮ್ಮ ನಗರದಲ್ಲಿ ಕಲುಷಿತ ಗಾಳಿಯಿಂದ ಎಷ್ಟೋ ಜನರ ಕಣ್ಣು ಹೋಗಿದೆ. ಕಂಪನಿಯೊಂದು ಕೃತಕ ಕಣ್ಣನ್ನು ಬಾಡಿಗೆಗೆ ಕೊಡುತ್ತದೆ. ಒಂದು ಕಂತು ತಪ್ಪಿದರೆ ನೋಟದಲ್ಲಿ ಜಾಹೀರಾತು ಬರುತ್ತದೆ. ಎರಡು ತಪ್ಪಿದರೆ ಬಣ್ಣ ಹೋಗುತ್ತದೆ. ಮೂರು ತಪ್ಪಿದರೆ ಕತ್ತಲೆ.

ಇದೊಂದನ್ನು ಹಿಡಿದು ಕೇಳುತ್ತಾ ಹೋಗಿ. ಕಂತು ಕಟ್ಟಲಾಗದವರು ಎಲ್ಲಿ ವಾಸಿಸುತ್ತಾರೆ? ಕದ್ದುಮುಚ್ಚಿ ಕಣ್ಣು ರಿಪೇರಿ ಮಾಡುವವರು ಯಾರು? ಕಣ್ಣು ನೋಡಿದ್ದನ್ನು ಕಂಪನಿಯೂ ನೋಡುತ್ತದೆಯೇ? ಕಂಪನಿಯಲ್ಲಿ ಕೆಲಸ ಮಾಡುವ ಒಳ್ಳೆಯ ಮನುಷ್ಯ ರಾತ್ರಿ ಹೇಗೆ ಮಲಗುತ್ತಾನೆ? ಅರ್ಧ ಗಂಟೆಯಲ್ಲಿ ನಗರ ತಾನಾಗಿಯೇ ಬೆಳೆಯುತ್ತದೆ. ಈ ಪ್ರಶ್ನೆಗಳನ್ನು ಆಟಗಾರರಿಗೇ ಕೇಳಿದರೆ ಇನ್ನೂ ಒಳ್ಳೆಯದು. ತಾವೇ ಕಟ್ಟಿದ ಬೀದಿಯನ್ನು ಉಳಿಸಲು ಅವರು ಜಾಸ್ತಿ ಕಷ್ಟಪಡುತ್ತಾರೆ.

ಪಾತ್ರಕ್ಕೆ ಸಾಲ ಬೇಕು, ನಂಟು ಬೇಕು

'ಸೈಬರ್‌ಪಂಕ್ ರೆಡ್'ನಲ್ಲಿ ಹತ್ತು ಬಗೆಯ ಪಾತ್ರಗಳಿವೆ. ನೆಟ್‌ವರ್ಕ್‌ಗೆ ನುಗ್ಗುವ ನೆಟ್‌ರನ್ನರ್, ಕಾಳಗದ ಸೋಲೋ, ಗಾಯ ಹೊಲಿಯುವ ಮೆಡ್‌ಟೆಕ್, ವ್ಯವಹಾರ ಕುದುರಿಸುವ ಫಿಕ್ಸರ್, ಸತ್ಯ ಬಯಲಿಗೆ ಎಳೆಯುವ ಮೀಡಿಯಾ, ಹಾಡಿನಿಂದ ಜನರನ್ನು ಎಬ್ಬಿಸುವ ರಾಕರ್‌ಬಾಯ್, ಹೀಗೆ. ಎಲ್ಲರೂ ಸೋಲೋ ಆದರೆ ಪ್ರತಿ ಸಮಸ್ಯೆಗೂ ಗುಂಡೇ ಉತ್ತರ ಆಗುತ್ತದೆ. ಬೇರೆ ಬೇರೆ ಆರಿಸಿಕೊಳ್ಳಿ.

ಅಂಕ ತುಂಬಿದ ಮೇಲೆ ಹಾಳೆಯ ಹಿಂದೆ ಮೂರು ಸಾಲು ಬರೆಯಿರಿ. ಯಾರಿಗೆ ಸಾಲ ಕೊಡಬೇಕು? ಯಾರಿಗಾಗಿ ಓಡಿಹೋಗದೆ ಉಳಿದಿದ್ದೀರಿ? ಎಷ್ಟು ದುಡ್ಡು ಕೊಟ್ಟರೂ ಮಾಡದ ಕೆಲಸ ಯಾವುದು? ಮೂರನೆಯದು ಬಹಳ ಮುಖ್ಯ. ಜಿಎಂ ಮುಂದೊಂದು ದಿನ ಆ ಕೆಲಸಕ್ಕೇ ಬೆಲೆ ಕಟ್ಟುತ್ತಾರೆ.

ಈ ಆಟದಲ್ಲಿ ಮಾನವೀಯತೆಗೂ ಒಂದು ಅಂಕವಿದೆ. ದೇಹಕ್ಕೆ ಯಂತ್ರ ಸೇರಿಸಿದಷ್ಟೂ ಅದು ಇಳಿಯುತ್ತದೆ, ಅದರ ಜೊತೆ ಇನ್ನೊಬ್ಬರ ನೋವು ತಿಳಿಯುವ ಗುಣವೂ ಕುಗ್ಗುತ್ತದೆ. ಇದನ್ನು ಸ್ವಲ್ಪ ಎಚ್ಚರದಿಂದ ಬಳಸಿ. ಕೃತಕ ಕಾಲು ಹಾಕಿಕೊಂಡವರು ಕಡಿಮೆ ಮನುಷ್ಯರು ಎಂಬ ಅರ್ಥ ಎಲ್ಲೂ ಬರಬಾರದು. ಬೇರೆಯವರನ್ನು ಹೆದರಿಸಲು, ಕೊಲ್ಲಲು ದೇಹವನ್ನೇ ಆಯುಧ ಮಾಡಿಕೊಂಡರೆ ಮನಸ್ಸು ತೆರುವ ಬೆಲೆ ಅದು ಅಂತ ಇಟ್ಟುಕೊಳ್ಳಿ.

ಮೊದಲ ಕೆಲಸ ಚಿಕ್ಕದಿರಲಿ

ಕಂಪನಿಯನ್ನೇ ಉರುಳಿಸುವ ಕಥೆ ಮೊದಲ ದಿನಕ್ಕೆ ಬೇಡ. ಒಂದು ಜಾಗ, ಒಂದು ಗಡುವು, ಹೆಸರಿರುವ ಒಬ್ಬ ಮನುಷ್ಯ. ನಮ್ಮ ನಗರದಲ್ಲಿ ಒಬ್ಬ ವಯಸ್ಸಾದ ಟೀಚರ್ ಇದ್ದಾರೆ. ಪಾತ್ರಗಳೆಲ್ಲ ಅವರ ಹತ್ತಿರವೇ ಓದು ಕಲಿತವರು. ಅವರ ಮೂರನೇ ಕಂತು ಈ ರಾತ್ರಿ 12 ಗಂಟೆಗೆ ತಪ್ಪುತ್ತದೆ. ವಸೂಲಿ ಕಚೇರಿಯ ಪಟ್ಟಿಯಿಂದ ಅವರ ಹೆಸರು ತೆಗೆಯಬೇಕು.

ಮೇಜಿನ ಮೇಲೆ ಇದು ಹೀಗೆ ನಡೆಯುತ್ತದೆ.

ಜಿಎಂ: "ಬಾಗಿಲಲ್ಲಿ ಒಬ್ಬ ಕಾವಲುಗಾರ. ಅವನ ಎಡಗಣ್ಣಿನಲ್ಲೂ ಕಂಪನಿಯ ಗುರುತು ಮಿನುಗುತ್ತಿದೆ. ಏನು ಮಾಡ್ತೀಯ?"

ಆಟಗಾರ್ತಿ: "ರಿಪೇರಿಗೆ ಬಂದವಳು ಅಂತ ಹೇಳ್ತೀನಿ. ಕಾರ್ಡ್ ಮೇಲಿನ ಮಹಡಿಯಲ್ಲಿ ಬಿಟ್ಟೆ ಅಂತೀನಿ."

ಜಿಎಂ: "ಗುರಿ 15. ಉರುಳಿಸು."

ಅವಳ ಗುಣಕ್ಕೆ 6, ಮಾತಿನ ಕೌಶಲಕ್ಕೆ 6, ಒಟ್ಟು 12. ದಾಳದಲ್ಲಿ 4 ಅಥವಾ ಅದಕ್ಕಿಂತ ಹೆಚ್ಚು ಬೇಕು. ಬಿದ್ದದ್ದು 3. ಮೊತ್ತ 15, ಗುರಿಯನ್ನು ಮುಟ್ಟಿತು, ಆದರೆ ಮೀರಲಿಲ್ಲ. ಪಾತ್ರಕ್ಕೆ ಖರ್ಚು ಮಾಡಲು ಇರುವ ಅದೃಷ್ಟದ ಅಂಕಗಳಲ್ಲಿ ಒಂದನ್ನು ಸೇರಿಸಿದ್ದರೆ ಗೆಲ್ಲುತ್ತಿದ್ದಳು. ಅದನ್ನು ದಾಳ ಉರುಳಿಸುವ ಮುಂಚೆಯೇ ಹೇಳಬೇಕಿತ್ತು.

ಈಗ ಜಿಎಂ ಏನು ಹೇಳುತ್ತಾರೆ ಎನ್ನುವುದರ ಮೇಲೆ ಆ ಸಂಜೆ ನಿಂತಿದೆ. "ಅವನು ನಂಬಲಿಲ್ಲ" ಅಂತ ಸುಮ್ನೆ ಬಿಟ್ಟರೆ ಕಥೆ ಅಲ್ಲೇ ನಿಂತುಬಿಡುತ್ತದೆ. ಸೋಲು ಕೂಡ ಕಥೆಯನ್ನು ಮುಂದಕ್ಕೆ ತಳ್ಳಬೇಕು. ಹೀಗೆ ಹೇಳಿ ನೋಡಿ: "ಅವನು ಅತ್ತ ಇತ್ತ ನೋಡಿ ದನಿ ತಗ್ಗಿಸಿದ. 'ನೀವು ಯಾರೋ ನನಗೆ ಬೇಡ. ಒಳಗೆ ಹೋಗ್ತಿದ್ದೀರಲ್ಲ, ಪಟ್ಟಿಯಲ್ಲಿ ನನ್ನ ತಂಗಿ ಹೆಸರೂ ಇದೆ. ಅದನ್ನೂ ತೆಗೀತೀರಾ? ಇಲ್ಲ ಅಂದ್ರೆ ಈಗಲೇ ಮೇಲಕ್ಕೆ ಫೋನ್ ಮಾಡ್ತೀನಿ.'" ದಾಳ ಸೋತಿತು, ಬಾಗಿಲು ತೆರೆಯಿತು, ಹೊರೆ ಹೆಚ್ಚಿತು. ವ್ಯವಸ್ಥೆಯ ಸಂಬಳ ತಿನ್ನುವವನೂ ಅದರ ಹಿಡಿತದಲ್ಲೇ ಇದ್ದಾನೆ ಅಂತ ಯಾರೂ ಭಾಷಣ ಮಾಡದೆ ಎಲ್ಲರಿಗೂ ತಿಳಿಯಿತು.

ದಾಳವನ್ನು ಪ್ರತಿ ಹೆಜ್ಜೆಗೂ ಕೇಳಬೇಡಿ. ಗೆದ್ದರೂ ಸೋತರೂ ಏನಾದರೂ ಬದಲಾಗುವ ಹಾಗಿದ್ದರೆ ಮಾತ್ರ ಕೇಳಿ.

ಗಡುವು ಎಲ್ಲರಿಗೂ ಕಾಣಲು ಕಾಗದದ ಮೇಲೆ ಒಂದು ವೃತ್ತ ಬರೆದು ಆರು ಭಾಗ ಮಾಡಿ. ಗದ್ದಲವಾದಾಗ, ಸಮಯ ಕಳೆದಾಗ ಒಂದೊಂದು ಭಾಗ ತುಂಬಿ. ವೃತ್ತ ತುಂಬಿದರೆ ಟೀಚರ್ ಕಣ್ಣು ಆರುತ್ತದೆ. ಐದನೇ ಭಾಗ ತುಂಬಿದಾಗ ಮೇಜಿನ ಸುತ್ತ ಎಲ್ಲರೂ ಮುಂದಕ್ಕೆ ಬಾಗಿ ಕೂರುತ್ತಾರೆ.

ಗೆಲುವು ಇರಲೇಬೇಕು

ಕತ್ತಲೆಯ ಲೋಕ ಅಂದಮಾತ್ರಕ್ಕೆ ಎಲ್ಲ ಪ್ರಯತ್ನವೂ ಹಾಳಾಗಬೇಕಿಲ್ಲ. ಏನು ಮಾಡಿದರೂ ಸೋಲೇ ಅಂತಾದರೆ ಆಟಗಾರರು ಮನಸ್ಸು ಹಚ್ಚುವುದನ್ನು ಬಿಡುತ್ತಾರೆ. ಗೆಲುವು ಚಿಕ್ಕದಿರಲಿ, ಆದರೆ ನಿಜವಾದದ್ದಿರಲಿ. ಟೀಚರ್ ಹೆಸರು ಹೋಯಿತು ಅಂದರೆ ಹೋಯಿತು. ಮುಂದಿನ ವಾರ ಅದನ್ನು ಕಂಪನಿ ಸುಲಭವಾಗಿ ವಾಪಸ್ ಸೇರಿಸಿಬಿಟ್ಟರೆ ಅದು ಮೋಸ. ಬೆಲೆಯನ್ನು ಬೇರೆ ಕಡೆಯಿಂದ ಕೇಳಿ: ಕಚೇರಿಯ ಕ್ಯಾಮೆರಾದಲ್ಲಿ ಯಾರ ಮುಖ ಉಳಿಯಿತು? ಕಾವಲುಗಾರ ಎಷ್ಟು ದಿನ ಬಾಯಿ ಮುಚ್ಚಿಕೊಂಡಿರುತ್ತಾನೆ?

ಕೊನೆಯ ಹದಿನೈದು ನಿಮಿಷ ಆಟ ನಿಲ್ಲಿಸಿ ಮಾತಿಗೆ ಇಡಿ. ಯಾವುದು ಇಷ್ಟವಾಯಿತು, ಯಾವುದು ಜಾಸ್ತಿಯಾಯಿತು ಅಂತ ಒಬ್ಬೊಬ್ಬರೂ ಹೇಳಲಿ. ಎರಡು ಪಟ್ಟಿಗಳಿಗೆ ಏನಾದರೂ ಸೇರಿಸಬೇಕಿದ್ದರೆ ಆಗಲೇ ಸೇರಿಸಿ. ಆಮೇಲೆ ಪ್ರತಿಯೊಬ್ಬ ಆಟಗಾರನೂ ತನ್ನ ಪಾತ್ರ ಮುಂದೆ ಏನು ಮಾಡಲು ಬಯಸುತ್ತದೆ ಅಂತ ಒಂದು ಸಾಲು ಬರೆದುಕೊಡಲಿ. ಜಿಎಂ ಮುಂದಿನ ಸಲಕ್ಕೆ ತಯಾರಿ ಮಾಡಬೇಕಾದದ್ದು ಆ ಸಾಲುಗಳಿಂದಲೇ.