ಹನ್ನೆರಡು ಜನರನ್ನೂ ಓಡಿಸಿ ಗೆದ್ದದ್ದು: ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿ ನನ್ನ ಅನುಭವ

ಕಳೆದ ವರ್ಷ ನಮ್ಮ ಹುಡುಗರು ಅಂತರ ಕಾಲೇಜು ಟೂರ್ನಿ ಗೆದ್ದ ಮೇಲೆ ಹತ್ತಾರು ಪಿ.ಇ. ಮೇಷ್ಟ್ರುಗಳು ಫೋನ್ ಮಾಡಿದರು. ಎಲ್ಲರದ್ದೂ ಒಂದೇ ಪ್ರಶ್ನೆ. "ನಿಮ್ಮಲ್ಲಿ ಆರಡಿ ದಾಟಿದವನು ಒಬ್ಬನೇ ಅಲ್ವಾ ಸರ್, ಅದು ಹೇಗೆ ಆಯಿತು?" ಫೋನಿನಲ್ಲಿ ಅರ್ಧರ್ಧ ಗಂಟೆ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಪ್ರೆಸ್ (ಕೋರ್ಟಿನ ಉದ್ದಕ್ಕೂ ಎದುರಾಳಿಯ ಬೆನ್ನು ಬೀಳುವುದು) ಹೇಗೆ ಹಾಕಬೇಕು, ಟ್ರ್ಯಾಪ್ (ಚೆಂಡು ಇದ್ದವನನ್ನು ಇಬ್ಬರು ಸುತ್ತುಗಟ್ಟುವುದು) ಎಲ್ಲಿ ಅನ್ನುವುದೆಲ್ಲ ನಿಮಗೆ ಗೊತ್ತಿರುವುದೇ. ಲೆಕ್ಕಗಳು ನೆನಪಿನಿಂದ ಕೊಟ್ಟವು, ಸ್ವಲ್ಪ ಆಚೆ ಈಚೆ ಆಗಬಹುದು.

ನಾನು ಮೂಲದಲ್ಲಿ ಕೊಕ್ಕೊ ಆಟಗಾರ. 2009ರಲ್ಲಿ ಹಾಸನದ ಕಡೆಯ ಒಂದು ಡಿಗ್ರಿ ಕಾಲೇಜಿಗೆ ಸೇರಿದೆ, ಸಂಬಳ ಏಳು ಸಾವಿರ. ಸಿಮೆಂಟ್ ಕೋರ್ಟ್ ಒಂದಿತ್ತು, ಒಂದು ಕಡೆಯ ಬೋರ್ಡ್ ವಾಲಿತ್ತು. ಕಬಡ್ಡಿಗೆ ಸೆಲೆಕ್ಟ್ ಆಗದ ಎಂಟು ಹುಡುಗರೇ ಬ್ಯಾಸ್ಕೆಟ್‌ಬಾಲ್ ತಂಡ. ಮೊದಲ ಆರು ವರ್ಷ ನಾನೂ ಎಲ್ಲರ ಹಾಗೇ ಆಡಿಸಿದೆ. ಎರಡು-ಮೂರು ಜೋನ್, ಅಂದರೆ ಮುಂದೆ ಇಬ್ಬರು, ಹಿಂದೆ ಮೂವರು ತಮ್ಮ ತಮ್ಮ ಜಾಗ ಕಾಯುವುದು, ಉದ್ದದವನು ರಿಂಗ್ ಕೆಳಗೆ, ಚೆಂಡು ನಿಧಾನಕ್ಕೆ. ಆರರಲ್ಲಿ ಐದು ವರ್ಷ ಮೊದಲ ಸುತ್ತಿನಲ್ಲೇ ಮನೆಗೆ. ಸಿಟಿ ಕಾಲೇಜಿನ ಹುಡುಗರು ಎಂಟನೇ ವಯಸ್ಸಿನಿಂದ ಕ್ಲಬ್ಬಿನಲ್ಲಿ ಆಡಿ ಬಂದವರು. ಅವರ ಸೆಂಟರ್, ಅಂದರೆ ರಿಂಗ್ ಕೆಳಗಿನ ಉದ್ದದವನು, ಕೈ ಎತ್ತಿ ನಿಂತರೆ ನಮ್ಮವರಿಗೆ ರಿಂಗೇ ಕಾಣುತ್ತಿರಲಿಲ್ಲ.

2015ರಲ್ಲಿ ಒಬ್ಬ ಹುಡುಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಅಮೆರಿಕದ ಅಯೋವಾದಲ್ಲಿ ಗ್ರಿನ್ನೆಲ್ ಅಂತ ಒಂದು ಸಣ್ಣ ಕಾಲೇಜು. 2012ರ ನವೆಂಬರ್‌ನಲ್ಲಿ ಆ ಕಾಲೇಜಿನ ಜ್ಯಾಕ್ ಟೇಲರ್ ಒಂದೇ ಪಂದ್ಯದಲ್ಲಿ 138 ಪಾಯಿಂಟ್ ಹೊಡೆದಿದ್ದ. ಹುಡುಗರು ಪಾಯಿಂಟ್ ನೋಡಿ ಕೂಗಾಡುತ್ತಿದ್ದರು, ನನ್ನ ಕಣ್ಣು ಮಾತ್ರ ಬೆಂಚಿನ ಮೇಲೆ. ಒಂದು ನಿಮಿಷ ಆಗುವಷ್ಟರಲ್ಲಿ ಟೇಲರ್ ಬಿಟ್ಟು ಉಳಿದವರೆಲ್ಲ ಹೊರಗೆ, ಹೊಸಬರು ಒಳಗೆ. ಮತ್ತೆ ಒಂದು ನಿಮಿಷ, ಮತ್ತೆ ಹೊಸಬರು. ಅಲ್ಲಿನ ಕೋಚ್ ಡೇವಿಡ್ ಆರ್ಸೆನೊ ಇದಕ್ಕೆ ಲೆಕ್ಕವನ್ನೇ ಕಟ್ಟಿದ್ದರು. ಪಂದ್ಯಕ್ಕೆ 94 ಶಾಟ್, ಅದರಲ್ಲಿ ಅರ್ಧ ತ್ರೀ (ದೂರದಿಂದ ಹೊಡೆಯುವ ಮೂರು ಪಾಯಿಂಟಿನ ಶಾಟ್), ಎದುರಾಳಿಯಿಂದ 32 ಟರ್ನೋವರ್ (ಚೆಂಡು ಕಳೆದುಕೊಳ್ಳುವುದು), ಅವರಿಗಿಂತ 25 ಶಾಟ್ ಜಾಸ್ತಿ. ಆ ಮಟ್ಟದ ಕಾಲೇಜುಗಳಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ, ಓದಲು ಬಂದ ಹುಡುಗರೇ ಆಡಬೇಕು. ನಮ್ಮ ಕಥೆಯೂ ಅದೇ ಅಲ್ವಾ?

ಕೊಕ್ಕೊದಲ್ಲಿ ಡಿಫೆನ್ಸ್‌ಗೆ ಮೂರು ಮೂರು ಜನರ ಬ್ಯಾಚ್ ಇಳಿಯುತ್ತದೆ. ಒಳಗೆ ಹೋದವನು ದಮ್ಮು ಉಳಿಸಿಕೊಂಡು ಓಡುವುದಿಲ್ಲ, ಹಿಂದೆ ಇನ್ನೊಂದು ಬ್ಯಾಚ್ ಇದೆ ಅಂತ ಅವನಿಗೆ ಗೊತ್ತು. ಇದನ್ನೇ ಬ್ಯಾಸ್ಕೆಟ್‌ಬಾಲಿಗೆ ತರುತ್ತೇನೆ ಅಂದಾಗ ಹಿರಿಯ ಕೋಚ್ ಒಬ್ಬರು ಎಲ್ಲರ ಮುಂದೆ, "ಇದು ಬ್ಯಾಸ್ಕೆಟ್‌ಬಾಲ್ ಅಲ್ಲಪ್ಪ, ಕೊಕ್ಕೊ" ಅಂದರು. ನನಗೆ ತುಂಬಾ ಬೇಜಾರಾಯಿತು. ಆದರೆ ಅಂದಿನಿಂದ ಬ್ಯಾಚ್ ಬದಲಿಸಲು ನಾನು ಬೆಂಚಿನಿಂದ ಕೂಗುವುದು "ಖೋ" ಅಂತಲೇ.

ಮೊದಲ ವರ್ಷ ಪೂರ್ತಿ ಹಾಳು. ಹನ್ನೊಂದು ಪಂದ್ಯದಲ್ಲಿ ಗೆದ್ದದ್ದು ಎರಡು. ಒಂದರಲ್ಲಿ 71–118ರ ಸುಮಾರಿಗೆ ಸೋತೆವು, ಆ ರಾತ್ರಿ ನಿದ್ದೆ ಬರಲಿಲ್ಲ. ಮೊದಲ ತಪ್ಪು ತ್ರೀ. ಒಳಾಂಗಣದ ಮರದ ಕೋರ್ಟಿನ ಲೆಕ್ಕವನ್ನು ಗಾಳಿಯಲ್ಲಿರುವ ಸಿಮೆಂಟ್ ಕೋರ್ಟಿಗೆ ತಂದಿದ್ದೆ. ಮಧ್ಯಾಹ್ನದ ಗಾಳಿಯಲ್ಲಿ 6.75 ಮೀಟರಿನಿಂದ ಹೊಡೆದರೆ ಹತ್ತಕ್ಕೆ ಎರಡೂ ಬೀಳುತ್ತಿರಲಿಲ್ಲ. ಈಗ ನನ್ನ ಲೆಕ್ಕ ಬೇರೆ. 80 ಶಾಟ್, ತ್ರೀ 25ರ ಮೇಲೆ ಬೇಡ, ಉಳಿದದ್ದೆಲ್ಲ ಚೆಂಡು ಕಸಿದು ಲೇಅಪ್, ಅಂದರೆ ರಿಂಗ್ ಹತ್ತಿರಕ್ಕೆ ಓಡಿ ಹಾಕುವುದು.

ಎರಡನೆಯದು ಶಿಳ್ಳೆ, ಇದರಲ್ಲೇ ನಾನು ಎರಡು ವರ್ಷ ಕಳೆದದ್ದು. ಶಿಳ್ಳೆ ಬಿದ್ದು ಗಡಿಯಾರ ನಿಂತರೆ ಮಾತ್ರ ಬದಲಾವಣೆ ಸಿಗುತ್ತದೆ, ಬ್ಯಾಸ್ಕೆಟ್ ಬಿದ್ದಾಗ ಸಾಮಾನ್ಯವಾಗಿ ಸಿಗುವುದಿಲ್ಲ. ಕೆಲವು ಸಲ ಎರಡೂವರೆ ನಿಮಿಷ ಶಿಳ್ಳೆಯೇ ಇಲ್ಲ, ಹುಡುಗರು ನಾಲಿಗೆ ಹೊರಗೆ ಹಾಕಿಕೊಂಡು ಓಡುತ್ತಿರುತ್ತಾರೆ, ಎದುರಾಳಿ ಸಾಲಾಗಿ ನಾಲ್ಕು ಲೇಅಪ್ ಹಾಕಿಬಿಡುತ್ತಾರೆ. ಕೊನೆಗೆ ಹೊಳೆದದ್ದು ಇದು. ಕ್ವಾರ್ಟರಿಗೆ ನಾಲ್ಕು ಟೀಮ್ ಫೌಲ್ (ಇಡೀ ತಂಡದ ಫೌಲ್ ಸೇರಿಸಿ) ತನಕ ಎದುರಾಳಿಗೆ ಸುಮ್ನೆ ಫ್ರೀ ಥ್ರೋ (ಯಾರ ಅಡ್ಡಿಯೂ ಇಲ್ಲದ ಶಾಟ್) ಹೋಗುವುದಿಲ್ಲ, ಐದನೆಯದರಿಂದ ಹೋಗುತ್ತದೆ. ಆ ನಾಲ್ಕನ್ನು ಜೇಬಿನ ದುಡ್ಡಿನ ಹಾಗೆ ಖರ್ಚು ಮಾಡುವುದು ಕಲಿಸಿದೆ. 75 ಸೆಕೆಂಡ್ ದಾಟಿತು, ಶಿಳ್ಳೆ ಇಲ್ಲ ಅಂದರೆ ಒಬ್ಬ ಹೋಗಿ ಚೆಂಡಿಗೇ ಕೈ ಹಾಕಬೇಕು. ನೆನಪಿಡಿ, ಚೆಂಡಿಗೆ ಮಾತ್ರ, ಆಳಿಗೆ ಹಾಕಿದರೆ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್ (ಕ್ರೀಡಾ ಮನೋಭಾವಕ್ಕೆ ವಿರುದ್ಧವಾದದ್ದು) ಕೊಡುತ್ತಾರೆ. ಚೆಂಡು ಸಿಕ್ಕರೆ ನಮ್ಮದು, ಫೌಲ್ ಆದರೆ ಬದಲಾವಣೆ ನಮ್ಮದು. ಒಮ್ಮೆ ಗಡಿಬಿಡಿಯಲ್ಲಿ ನಾಲ್ವರು ಹೊರಗೆ ಬಂದು ಐವರು ಒಳಗೆ ಹೋಗಿದ್ದರು, ಆರು ಜನ ಆಡುತ್ತಿದ್ದೇವೆ ಅಂತ ನನಗೆ ಟೆಕ್ನಿಕಲ್, ಅಂದರೆ ನಿಯಮ ಮುರಿದದ್ದಕ್ಕೆ ಫೌಲ್, ಬಿತ್ತು. ಆಮೇಲೆ ಪ್ರತಿಯೊಬ್ಬನಿಗೂ ಜೋಡಿ ಮಾಡಿದೆ. ನಿನ್ನ ಜೋಡಿ ಹೊರಗೆ ಬಂದದ್ದು ಕಂಡರೆ ಮಾತ್ರ ನೀನು ಒಳಗೆ.

ಹನ್ನೆರಡು ಜನ ಐದೈದರಂತೆ ಎರಡು ಬ್ಯಾಚ್ ಆದ ಮೇಲೆ ಇಬ್ಬರು ಉಳಿಯುತ್ತಾರೆ. ಆ ಇಬ್ಬರು ಯಾರ ಜಾಗಕ್ಕೆ, ಯಾವಾಗ ಇಳಿಯುತ್ತಾರೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮುಂದಿನ ವರ್ಷವೂ ನಿಮ್ಮ ಜೊತೆಯೇ ಆಡಬೇಕಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಈ ಪದ್ಧತಿ ನಿಲ್ಲುವುದೂ ಬೀಳುವುದೂ ಅಲ್ಲೇ. ಕಾಲೇಜಿನಿಂದ ಟಿ.ಎ., ಡಿ.ಎ. (ಪ್ರಯಾಣ, ಊಟದ ಭತ್ಯೆ) ಮಂಜೂರಾಗುತ್ತಿದ್ದದ್ದು ಹತ್ತು ಜನರಿಗೆ. "ಐದು ಜನ ಆಡೋ ಆಟಕ್ಕೆ ಹನ್ನೆರಡು ಜನ ಯಾಕೆ?" ಅಂತ ಪ್ರತಿ ವರ್ಷ ಕೇಳುತ್ತಿದ್ದರು. ಇಬ್ಬರ ಬಸ್ಸು, ಊಟ ನನ್ನ ಜೇಬಿನಿಂದ. ಶೂ ಇನ್ನೂ ಕಷ್ಟ. ಸಿಮೆಂಟಿನಲ್ಲಿ ಈ ಓಟ ಓಡಿದರೆ ಸಾವಿರದ ಇನ್ನೂರರ ಶೂ ಮೂರು ತಿಂಗಳಿಗೆ ತಳ ಬಿಡುತ್ತದೆ. ಮೊದಲ ಎರಡು ವರ್ಷದಲ್ಲಿ ಕೈಯಿಂದ ಹೋದದ್ದು ನಲವತ್ತೈದು ಸಾವಿರದ ಹತ್ತಿರ, ಆಗಿನ ನನ್ನ ನಾಲ್ಕು ತಿಂಗಳ ಸಂಬಳ. ಮನೆಯವಳು ಚೀಟಿ ಎತ್ತಿ ಕೊಟ್ಟಳು. ಆಮೇಲೆ ಹಳೆಯ ಆಟಗಾರರೇ ಗುಂಪು ಮಾಡಿಕೊಂಡರು, ಈಗ ವರ್ಷಕ್ಕೆ ಇಪ್ಪತ್ತನಾಲ್ಕು ಜೊತೆ ಶೂ ಅವರದ್ದೇ. ಚೆಂಡಿಗೆ ದುಬಾರಿ ಲೆದರ್ ಬೇಡ, ಹೊರಗಿನ ಕೋರ್ಟಿಗೆ ರಬ್ಬರ್ ಚೆಂಡೇ ಸರಿ.

ನಡುವೆ ಏನೇನೋ ಪ್ರಯೋಗ ಮಾಡಿದೆ. ಭಾರದ ಮೆಡಿಸಿನ್ ಬಾಲಿನಲ್ಲಿ ಪಾಸ್ ಮಾಡಿಸಿದೆ, ಇಬ್ಬರಿಗೆ ಬೆರಳು ಊದಿತು, ನಿಲ್ಲಿಸಿದೆ. ಕ್ವಾರ್ಟರ್ ನಡುವೆ ಗ್ಲೂಕೋಸ್ ಬದಲು ಉಪ್ಪು, ನಿಂಬೆಹಣ್ಣು ಹಾಕಿದ ನೀರುಮಜ್ಜಿಗೆ ಕೊಟ್ಟೆ, ಸ್ನಾಯು ಹಿಡಿಯುವುದು ಕಡಿಮೆ ಆಯಿತು ಅಂತ ನನಗೆ ಅನ್ನಿಸಿದೆ. ಬೆಳಿಗ್ಗೆ ರಾಗಿ ಅಂಬಲಿ ಕುಡಿಸಿದ್ದು ಮಾತ್ರ ಕೆಟ್ಟಿತು, ಹೊಟ್ಟೆ ಭಾರ ಅಂತ ಯಾರೂ ಓಡಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಕೈಹಿಡಿದದ್ದು ಒಂದು ನೋಟ್‌ಬುಕ್. ಬಿ.ಸಿ.ಎ. ಓದುವ ಒಬ್ಬ ಹುಡುಗಿ ಪ್ರತಿ ಬ್ಯಾಚಿನ ಶಾಟ್, ಟರ್ನೋವರ್ ಗೆರೆ ಎಳೆದು ಬರೆಯುತ್ತಿದ್ದಳು. ನನ್ನ "ಒಳ್ಳೆ ಬ್ಯಾಚ್" ಹೆಚ್ಚು ಚೆಂಡು ಕಳೆಯುತ್ತಿದೆ ಅಂತ ತೋರಿಸಿಕೊಟ್ಟದ್ದು ಅವಳೇ.

ಅಭ್ಯಾಸಕ್ಕೆ ನಮಗಿದ್ದದ್ದು ದಿನಕ್ಕೆ ಐವತ್ತು ನಿಮಿಷ. ಐದು ಗಂಟೆಯ ಹಳ್ಳಿ ಬಸ್ಸು ತಪ್ಪಿದರೆ ಮತ್ತೆ ಏಳಕ್ಕೆ. ಹಾಗಾಗಿ ಸೆಟ್ ಪ್ಲೇ (ಮೊದಲೇ ಗೊತ್ತು ಮಾಡಿದ ಆಟ) ಎಲ್ಲ ಕೈಬಿಟ್ಟೆ. ಇನ್‌ಬೌಂಡ್ ಪ್ರೆಸ್ (ಎದುರಾಳಿ ಗೆರೆಯಾಚೆಯಿಂದ ಚೆಂಡು ಒಳಗೆ ಕೊಡುವಾಗಲೇ ಹಾಕುವುದು), ಟ್ರ್ಯಾಪ್, ಓಡುತ್ತಾ ಲೇಅಪ್, ಕೊನೆಗೆ ಸುಸ್ತಾದ ಕಾಲಿನಲ್ಲೇ ತಲಾ ಹತ್ತು ಫ್ರೀ ಥ್ರೋ. ಏಳು ಹಾಕಿದವನಿಗೆ ಎರಡು ಬೇಯಿಸಿದ ಮೊಟ್ಟೆ.

ಫೈನಲ್ಲಿನಲ್ಲಿ ಎದುರಿದ್ದದ್ದು ನಮ್ಮನ್ನು ನಾಲ್ಕು ಸಲ ಸೋಲಿಸಿದ್ದ ತಂಡ. ಮೂರನೇ ಕ್ವಾರ್ಟರ್ ಮುಗಿದಾಗ ನಾವು ಒಂಬತ್ತು ಪಾಯಿಂಟ್ ಹಿಂದೆ. ಆದರೆ ಅವರ ಏಳೇ ಜನ ಆಡಿದ್ದರು, ಅವರ ಸೆಂಟರ್ ಮೊಣಕಾಲಿನ ಮೇಲೆ ಕೈ ಊರಿ ನಿಂತಿದ್ದ. ನಾನು ಅದನ್ನೇ ಹುಡುಗರಿಗೆ ತೋರಿಸಿದೆ, ಬೇರೆ ಏನೂ ಹೇಳಲಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ ಅವರು ಹನ್ನೊಂದು ಸಲ ಚೆಂಡು ಕಳೆದರು. 88–81. ಅವತ್ತು ನಮ್ಮ ಹನ್ನೆರಡೂ ಜನ ಸ್ಕೋರ್ ಮಾಡಿದ್ದರು. ಅದನ್ನು ನನ್ನ ಹತ್ತಿರ ಯಾರೂ ಕಿತ್ತುಕೊಳ್ಳಲಾರರು. "ಕೊಕ್ಕೊ" ಅಂದಿದ್ದ ಹಿರಿಯರು ಅಲ್ಲೇ ಇದ್ದರು, ಬಂದು ಕೈ ಕುಲುಕಿದರು.

ಈ ವರ್ಷ ಹುಡುಗಿಯರ ತಂಡಕ್ಕೂ ಶುರು ಮಾಡಿದ್ದೇನೆ. ನಾಲ್ಕು ಪಂದ್ಯ ಆಗಿದೆ, ಎರಡು ಗೆದ್ದಿದ್ದಾರೆ. ಅವರ ಬ್ಯಾಚನ್ನು ಐವತ್ತು ಸೆಕೆಂಡಿಗೇ ಬದಲಿಸಲು ನೋಡುತ್ತಿದ್ದೇನೆ, ಶಿಳ್ಳೆಯದೇ ತೊಂದರೆ ಮತ್ತೆ. ಹನ್ನೊಂದು ಜನ ಸಿಕ್ಕಿದ್ದಾರೆ, ಇನ್ನೊಬ್ಬಳು ಬೇಕು. ಕೊಕ್ಕೊ ತಂಡದಲ್ಲಿ ಒಬ್ಬಳ ಮೇಲೆ ಕಣ್ಣಿದೆ, ಸೋಮವಾರ ಅವರ ಮನೆಗೆ ಹೋಗಿ ಅವಳ ಅಪ್ಪನ ಹತ್ತಿರ ಮಾತಾಡಬೇಕು.