ಧಾರೆ ಸೀರೆ ಕೊಳ್ಳುವವರ ಗಮನಕ್ಕೆ

ಧಾರೆ ಸೀರೆಯನ್ನು ಮುಹೂರ್ತಕ್ಕೆ ಎರಡು ತಿಂಗಳು ಮೊದಲೇ ಕೊಂಡುಬಿಡಿ. ಸೀರೆ ಆರಿಸಲು ಒಂದು ದಿನ ಸಾಕು, ಆದರೆ ಫಾಲ್, ಕುಚ್ಚು, ಬ್ಲೌಸ್ ಮುಗಿಯಲು ವಾರಗಳೇ ಹಿಡಿಯುತ್ತವೆ.

ಅಂಗಡಿಯಲ್ಲಿ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಅದು ರೇಷ್ಮೆಗೆ ಮಾತ್ರ ಖಾತ್ರಿ, ಜರಿಗಲ್ಲ. ಜರಿ ಅಸಲಿಯೋ ಅಲ್ಲವೋ ಎಂಬುದನ್ನು ಕೇಳಿ ಬಿಲ್ಲಿನಲ್ಲೇ ಬರೆಸಿ. ರೇಷ್ಮೆಯ ಮೇಲೇ ಅನುಮಾನವಿದ್ದರೆ ಸೆರಗಿನ ತುದಿಯ ಒಂದೆರಡು ಎಳೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಹೆಚ್ಚಿನವರು ಎಡವುವುದು ಬ್ಲೌಸ್‌ನಲ್ಲಿ. ಹತ್ತಿಯ ಲೈನಿಂಗ್ ಬಟ್ಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಟೈಲರ್‌ಗೆ ಕೊಡಿ. ಇಲ್ಲದಿದ್ದರೆ ಮೊದಲ ಬಾರಿ ಒದ್ದೆಯಾದಾಗ ಲೈನಿಂಗ್ ಕುಗ್ಗಿ, ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತದೆ. ಫಾಲ್‌ಗೂ ಇದೇ ಮಾತು. ಪಕ್ಕದ ಹೊಲಿಗೆಯಲ್ಲಿ ಎರಡೂ ಕಡೆ ಒಂದೂವರೆ ಇಂಚು ಬಟ್ಟೆ ಬಿಡಿಸಿ. ಮದುವೆ ಓಡಾಟದಲ್ಲಿ ಮೈ ಇಳಿಯುವುದೂ ಉಂಟು, ಏರುವುದೂ ಉಂಟು. ಕೆಲವು ಸೀರೆಗಳಲ್ಲಿ ಬ್ಲೌಸ್ ಪೀಸ್ ಸೆರಗಿನ ಆಚೆಗೇ ಇರುತ್ತದೆ, ಹಾಗಾಗಿ ಅದನ್ನು ಕತ್ತರಿಸಿದ ಮೇಲೆಯೇ ಕುಚ್ಚಿಗೆ ಕೊಡಿ.

ಅರಿಶಿನ ಶಾಸ್ತ್ರಕ್ಕೆ ಹತ್ತಿ ಸೀರೆಯೇ ಇರಲಿ, ರೇಷ್ಮೆಗೆ ಹತ್ತಿದ ಅರಿಶಿನ ಸುಲಭಕ್ಕೆ ಹೋಗದು. ಸೆಂಟ್ ಹಾಕುವುದಿದ್ದರೆ ಸೀರೆ ಉಡುವ ಮೊದಲೇ ಮೈಗೆ ಹಾಕಿಕೊಳ್ಳಿ. ಜರಿಗೆ ತಾಗಿದರೆ ಕಪ್ಪಾಗುತ್ತದೆ. ಧಾರೆಯ ಹಾಲು ಸಿಡಿದರೆ ಉಜ್ಜಬೇಡಿ, ಒದ್ದೆ ಮಾಡಿದ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆಯಿರಿ.